ಅತಿಮಾನುಷ ನಾಯಕರೂ ಗಲ್ಲಾಪೆಟ್ಟಿಗೆಯ ಲೆಕ್ಕವೂ

2022ರ ಸೆಪ್ಟೆಂಬರ್ 30ರಂದು ತೆರೆ ಕಂಡ ‘ಕಾಂತಾರ’ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 16 ಕೋಟಿ ರೂ. ಎಂದು ವರದಿಯಾಗಿತ್ತು. ವಿಶ್ವದಾದ್ಯಂತ ಅದು ಸಂಗ್ರಹಿಸಿದ ಮೊತ್ತ ಸುಮಾರು 400 ಕೋಟಿ ರೂ. ಎರಡು ವರ್ಷಗಳ ತರುವಾಯ, 2024ರ ಅಕ್ಟೋಬರ್ 11ರಂದು, ದಸರಾ ರಜೆಯ ಸಮಯದಲ್ಲಿಯೇ ಬಂದ ‘ಮಾರ್ಟಿನ್’ ಚಿತ್ರದ ವೆಚ್ಚ 100 ಕೋಟಿ ರೂ. ಮೀರಿತ್ತೆಂದು ಹೇಳಲಾಯಿತು, ಹೂಡಿದ ಹಣದ ಬಹುಪಾಲು ಚಿತ್ರಮಂದಿರಗಳಿಂದ ಹಿಂದಿರುಗಲಿಲ್ಲ. ಎರಡೂ ಒಂದೇ ರಾಜ್ಯದ, ಒಂದೇ ಭಾಷೆಯ ಉತ್ಪನ್ನಗಳು. ಎರಡರಲ್ಲಿಯೂ ನಾಯಕನು ಸಾಮಾನ್ಯ ಮನುಷ್ಯನ ಶಕ್ತಿಗೆ ಮೀರಿದ ಕಾರ್ಯಗಳನ್ನು ಮಾಡುತ್ತಾನೆ. ಆದರೂ ಒಂದು ಬಂಡವಾಳದ ಇಪ್ಪತ್ತೈದು ಪಟ್ಟು ಸಂಗ್ರಹಿಸಿತು, ಇನ್ನೊಂದು ಹೂಡಿದವರನ್ನು ನಷ್ಟಕ್ಕೆ ದೂಡಿತು.

ವರ್ತಕ ಬಾಂಧವರಿಗೆ ಈ ವಿಷಯ ಮನರಂಜನೆಯ ಪುಟಕ್ಕೆ ಸೇರಿದ್ದೆಂದು ತೋರಬಹುದು. ವಾಸ್ತವವಾಗಿ ಇಷ್ಟು ಅಪಾಯಕರವಾದ ಸರಕು ಬೇರೆ ಯಾವ ವ್ಯಾಪಾರದಲ್ಲಿಯೂ ವಿರಳ. ತೊಗರಿಯ ದರ ಕುಸಿದರೆ ಉಗ್ರಾಣದಲ್ಲಿಟ್ಟು ಕಾಯಬಹುದು. ಸಿದ್ಧ ಉಡುಪು ಈ ಹಬ್ಬಕ್ಕೆ ಮಾರಾಟವಾಗದಿದ್ದರೆ ಮುಂದಿನ ಹಬ್ಬಕ್ಕೆ ರಿಯಾಯಿತಿಯಲ್ಲಿ ಮಾರಬಹುದು. ಚಲನಚಿತ್ರದಲ್ಲಿ ಮೊದಲ ಟಿಕೆಟ್ ಮಾರಾಟವಾಗುವುದಕ್ಕೆ ಮುನ್ನವೇ ಪೂರ್ಣ ವೆಚ್ಚ ಮುಗಿದಿರುತ್ತದೆ. ಶುಕ್ರವಾರ ತೆರೆದ ಅಂಗಡಿಯ ಭವಿಷ್ಯ ಸೋಮವಾರ ಸಂಜೆಯೊಳಗೆ ನಿರ್ಧಾರವಾಗುತ್ತದೆ. ಚಿತ್ರೋದ್ಯಮದೊಳಗೂ ಸೂಪರ್‌ಹೀರೋ ಅಥವಾ ಅತಿಮಾನುಷ ನಾಯಕನ ಚಿತ್ರ ಹೆಚ್ಚು ದುಬಾರಿ. ಗ್ರಾಫಿಕ್ಸ್, ಸಾಹಸ ದೃಶ್ಯ, ಸೆಟ್ಟು, ನಟರ ಸಂಭಾವನೆ ಇವು ಕೂಡಿ ವೆಚ್ಚವನ್ನು ಏರಿಸುತ್ತವೆ. ಸಣ್ಣ ಕಥೆಯ ಚಿತ್ರವು ಸಣ್ಣ ನಷ್ಟದಲ್ಲಿ ಮುಗಿಯಬಹುದು. ಇದಕ್ಕೆ ಆ ಅನುಕೂಲವಿಲ್ಲ.

ಮುಖವಾಡ, ಮೇಲಂಗಿ ತೊಟ್ಟು ಹಾರುವ ನಾಯಕರ ಪರಂಪರೆ ಕನ್ನಡದಲ್ಲಿ ಬೆಳೆಯಲಿಲ್ಲ ಎಂಬುದು ನಿಜ. ಆದರೆ ಪರದೇಶದ ಮಾದರಿಯನ್ನು ಇಲ್ಲಿಯ ರುಚಿಗೆ ಒಗ್ಗಿಸುವ ವಿದ್ಯೆ ಹಳೆಯದು. 1968ರಲ್ಲಿ ದೊರೆ–ಭಗವಾನ್ ನಿರ್ದೇಶನದಲ್ಲಿ ಬಂದ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಅವರು ಸಿ.ಐ.ಡಿ. 999 ಆದರು, ಜೇಮ್ಸ್ ಬಾಂಡ್ ಮಾದರಿಯು ಕನ್ನಡದ್ದಾಗಿ ಹಲವು ಚಿತ್ರಗಳವರೆಗೆ ನಡೆಯಿತು. (ಸ್ಪೈಡರ್‌ಮ್ಯಾನ್ ಬೆಳ್ಳಿತೆರೆಯಲ್ಲಿ ಬಲೆ ನೇಯುವುದಕ್ಕೆ ಬಹುಕಾಲ ಮೊದಲೇ ಕನ್ನಡದಲ್ಲಿ ಜೇಡರ ಬಲೆ ಹಣ ಹಿಡಿದಿತ್ತೆನ್ನಬಹುದು.) ಪೌರಾಣಿಕ ಚಿತ್ರಗಳಂತೂ ಅತಿಮಾನುಷ ನಾಯಕರಿಂದಲೇ ತುಂಬಿದ್ದವು. ಇಂದಿನ ಕನ್ನಡದಲ್ಲಿ ಆ ಸ್ಥಾನವನ್ನು ‘ಕೆ.ಜಿ.ಎಫ್.’ನ ರಾಕಿಯೂ ‘ಕಾಂತಾರ’ದ ಶಿವನೂ ಪಡೆದಿದ್ದಾರೆ.

ರಾಜೇಶ್ವರದ ಪ್ರೇಕ್ಷಕ ಯಾವ ವಲಯದವನು?

ಗೆಲುವು–ಸೋಲಿನ ಲೆಕ್ಕಕ್ಕೆ ಮುನ್ನ ಮಾರುಕಟ್ಟೆಯ ಸ್ವರೂಪವನ್ನು ತಿಳಿಯಬೇಕು. ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಇದಕ್ಕೆ ಒಳ್ಳೆಯ ನಿದರ್ಶನ. ಹೈದರಾಬಾದ್–ಸೊಲ್ಲಾಪುರ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಈ ಊರಿನಿಂದ ಒಂದು ದಿಕ್ಕಿಗೆ ಹುಮನಾಬಾದ್ ದಾಟಿದರೆ ತೆಲಂಗಾಣ, ಇನ್ನೊಂದು ದಿಕ್ಕಿಗೆ ಬಸವಕಲ್ಯಾಣದ ತಿರುವು ದಾಟಿದರೆ ಮಹಾರಾಷ್ಟ್ರ. ಈ ಭಾಗದ ಸಂತೆಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಕೇಳಿಬರುತ್ತವೆ. ಇಲ್ಲಿಯ ಯುವಕನು ಒಂದೇ ಚಿತ್ರವನ್ನು ಯಾವ ಭಾಷೆಯಲ್ಲಿ ನೋಡಬೇಕೆಂದು ಆಯ್ದುಕೊಳ್ಳುವ ಸ್ಥಿತಿಯಲ್ಲಿದ್ದಾನೆ.

ಚಿತ್ರ ವ್ಯಾಪಾರದ ನಕಾಶೆಯಲ್ಲಿಯೂ ಈ ಪ್ರದೇಶ ಎರಡು ಕಡೆ ಸೇರಿದೆ. ಕನ್ನಡ ಚಿತ್ರಗಳ ಹಂಚಿಕೆಯಲ್ಲಿ ರಾಜ್ಯವನ್ನು ಬೆಂಗಳೂರು–ಕೋಲಾರ–ತುಮಕೂರು, ಮೈಸೂರು ಸೀಮೆ, ಮುಂಬೈ–ಕರ್ನಾಟಕ, ಹೈದರಾಬಾದ್–ಕರ್ನಾಟಕ ಇತ್ಯಾದಿಯಾಗಿ ವಿಂಗಡಿಸಿ ಹಕ್ಕು ಮಾರುವ ಪದ್ಧತಿ ಬೆಳೆದುಬಂದಿತು. ಹಿಂದಿ ಚಿತ್ರಗಳಿಗೆ ಬಂದರೆ ಬೀದರ್, ಕಲಬುರಗಿ, ರಾಯಚೂರು ಭಾಗಗಳು ‘ನಿಜಾಮ್’ ಎಂಬ ವಲಯಕ್ಕೆ ಸೇರಿದವು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದರೂ, 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾದರೂ, ಚಿತ್ರದ ವರ್ತಕರ ವಹಿಯಲ್ಲಿ ಹಳೆಯ ಹೈದರಾಬಾದ್ ಸಂಸ್ಥಾನದ ಗಡಿ ಅಳಿಸಲಿಲ್ಲ. ಬೀದರ್ ಜಿಲ್ಲೆಯಲ್ಲಿ ‘ಕ್ರಿಶ್’ (2006) ಗಳಿಸಿದ್ದೂ ‘ರಾ.ಒನ್’ (2011) ಗಳಿಸಿದ್ದೂ ಇದೇ ಪದ್ಧತಿಯಂತೆ ನಿಜಾಮ್ ವಲಯದ ಲೆಕ್ಕ.

ಕನ್ನಡಕ್ಕೆ ಡಬ್ ಆದ ಚಿತ್ರಗಳ ಸಂಗತಿ ಬೇರೆ. 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್ ಚಿತ್ರಗಳು ಕನ್ನಡದಲ್ಲಿ ನಿಂತುಹೋಗಿದ್ದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇಂತಹ ತಡೆಯು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಆದೇಶಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಸಂಬಂಧಪಟ್ಟ ಸಂಘಗಳಿಗೆ ದಂಡ ವಿಧಿಸಿತು. ಅನಂತರ ದಾರಿ ನಿಧಾನವಾಗಿ ತೆರೆಯಿತು. 2023ರ ಜೂನ್‌ನಲ್ಲಿ ಸ್ಪೈಡರ್‌ಮ್ಯಾನ್ ಸರಣಿಯ ಅನಿಮೇಷನ್ ಚಿತ್ರವೊಂದು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಕನ್ನಡ, ಮರಾಠಿ ಎರಡೂ ಅದರಲ್ಲಿದ್ದವು. ಹೊಡೆದಾಟಕ್ಕೆ ಅನುವಾದ ಬೇಕಿಲ್ಲದ ಕಾರಣ ಅತಿಮಾನುಷ ನಾಯಕನ ಚಿತ್ರ ಗಡಿ ದಾಟುವುದು ಸುಲಭ. ಆದರೆ ಹಾಸ್ಯಕ್ಕೂ ಕಣ್ಣೀರಿಗೂ ಅನುವಾದ ಬೇಕು. ಪ್ರೇಕ್ಷಕ ಎರಡನೆಯ ಬಾರಿ ಬರುವುದು ಅವೆರಡಕ್ಕಾಗಿಯೇ.

ನೂರು ಕೋಟಿಯ ಚಿತ್ರ ಎಷ್ಟು ಗಳಿಸಬೇಕು?

ಜಾಹೀರಾತುಗಳಲ್ಲಿ ‘ಮೂರೇ ದಿನಗಳಲ್ಲಿ ನೂರು ಕೋಟಿ’ ಎಂಬ ಸಾಲು ಕಾಣುತ್ತದೆ. ಇದು ಒಟ್ಟು ಸಂಗ್ರಹ, ಅಂದರೆ ಪ್ರೇಕ್ಷಕನು ಕೊಟ್ಟ ಪೂರ್ಣ ಹಣ. ಇದರಲ್ಲಿ ಮೊದಲು ಸರಕು ಮತ್ತು ಸೇವಾ ತೆರಿಗೆ ಕಳೆಯುತ್ತದೆ. ಉಳಿದ ನಿವ್ವಳ ಸಂಗ್ರಹವನ್ನು ಪ್ರದರ್ಶಕ ಮತ್ತು ಹಂಚಿಕೆದಾರ ಹಂಚಿಕೊಳ್ಳುತ್ತಾರೆ. ಹಂಚಿಕೆದಾರನು ತನ್ನ ಕಮಿಷನ್ ಮತ್ತು ಪ್ರಚಾರದ ಖರ್ಚು ಕಳೆದು ಉಳಿದದ್ದನ್ನು ನಿರ್ಮಾಪಕನಿಗೆ ಕೊಡುತ್ತಾನೆ.

ಉದಾಹರಣೆಗೆ, 100 ಕೋಟಿ ರೂ. ವೆಚ್ಚದ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಟಿಕೆಟ್‌ಗೆ ಶೇ. 18ರ ತೆರಿಗೆ, ನಿವ್ವಳದಲ್ಲಿ ಅರ್ಧ ಪಾಲು ಚಿತ್ರಮಂದಿರಕ್ಕೆ ಎಂದಿಟ್ಟುಕೊಂಡರೆ, 100 ಕೋಟಿ ಹಿಂದಿರುಗಲು ನಿವ್ವಳ ಸಂಗ್ರಹ 200 ಕೋಟಿ ಆಗಬೇಕು; ಒಟ್ಟು ಸಂಗ್ರಹ 236 ಕೋಟಿ ಆಗಬೇಕು. ಹಂಚಿಕೆದಾರನ ಖರ್ಚನ್ನು ಇಲ್ಲಿ ಹಿಡಿದಿಲ್ಲ. ಇದೇ ಲೆಕ್ಕದಲ್ಲಿ 16 ಕೋಟಿಯ ಚಿತ್ರಕ್ಕೆ ಸುಮಾರು 38 ಕೋಟಿಯ ಒಟ್ಟು ಸಂಗ್ರಹ ಸಾಕು. ಕನ್ನಡ ನಾಡಿನ ಪ್ರೇಕ್ಷಕರೇ ಈ ಎರಡನೆಯ ಮೊತ್ತವನ್ನು ಕೊಡಬಲ್ಲರು. ಮೊದಲನೆಯದಕ್ಕೆ ಹಿಂದಿ, ತೆಲುಗು, ತಮಿಳು ಪ್ರದೇಶಗಳು ಒಲಿಯಲೇಬೇಕು. ‘ಪ್ಯಾನ್ ಇಂಡಿಯಾ’ ಎಂಬ ಘೋಷಣೆಯು ಅನೇಕ ವೇಳೆ ಮಹತ್ವಾಕಾಂಕ್ಷೆಯಿಂದ ಹುಟ್ಟಿದ್ದಲ್ಲ, ಏರಿದ ವೆಚ್ಚದ ಒತ್ತಡದಿಂದ ಹುಟ್ಟಿದ್ದು.

ಟಿ.ವಿ., ಒ.ಟಿ.ಟಿ., ಆಡಿಯೋ ಮತ್ತು ಡಬ್ಬಿಂಗ್ ಹಕ್ಕುಗಳ ಮಾರಾಟದಿಂದ ವೆಚ್ಚದ ಒಂದು ಭಾಗ ಮುಂಚಿತವಾಗಿ ಬರುವುದುಂಟು. ಹೀಗಾಗಿ ಚಿತ್ರಮಂದಿರದಲ್ಲಿ ಸೋತ ಚಿತ್ರದ ನಿರ್ಮಾಪಕನು ಲಾಭದಲ್ಲಿಯೂ, ಹಂಚಿಕೆದಾರನು ನಷ್ಟದಲ್ಲಿಯೂ ಇರುವ ಸಂದರ್ಭಗಳಿವೆ. ಚಿತ್ರರಂಗದ ಅಂಕಿಗಳು ಕಂಪನಿಗಳ ಲೆಕ್ಕಪರಿಶೋಧಿತ ವರದಿಯಂತಲ್ಲ ಎಂಬುದನ್ನೂ ನೆನಪಿಡಬೇಕು. ಮಾರುವವನೇ ಹಿಡಿದ ತಕ್ಕಡಿ ಅದು.

ಹೂವಿದ್ದಾಗಲೇ ತೋಪು ಹಿಡಿದವರು

ನಷ್ಟ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಹಕ್ಕು ಮಾರಿದ ರೀತಿಯನ್ನು ಅವಲಂಬಿಸಿದೆ. ಕಮಿಷನ್ ಆಧಾರದಲ್ಲಿ ಹಂಚಿಕೆದಾರನು ಬರೀ ದಲ್ಲಾಳಿ, ಅಪಾಯ ನಿರ್ಮಾಪಕನದು. ಮಿನಿಮಮ್ ಗ್ಯಾರಂಟಿ ಪದ್ಧತಿಯಲ್ಲಿ ಹಂಚಿಕೆದಾರನು ಬಿಡುಗಡೆಗೆ ಮುನ್ನವೇ ನಿಗದಿತ ಮೊತ್ತ ಕೊಟ್ಟಿರುತ್ತಾನೆ; ಅದಕ್ಕಿಂತ ಕಡಿಮೆ ಬಂದರೆ ಕೊರತೆ ಅವನದು. ಹಂಚಿಕೆದಾರನು ಚಿತ್ರಮಂದಿರದವರಿಂದ ಮುಂಗಡ ಪಡೆದಿದ್ದರೆ ಅಪಾಯದ ಒಂದು ಪಾಲು ತಾಲ್ಲೂಕು ಕೇಂದ್ರದ ಪ್ರದರ್ಶಕನವರೆಗೂ ಇಳಿಯುತ್ತದೆ.

ಮಾವಿನ ತೋಪನ್ನು ಹೂವಿದ್ದಾಗಲೇ ಗುತ್ತಿಗೆ ಹಿಡಿಯುವವರಿಗೆ ಈ ವ್ಯವಹಾರದ ವಿವರಣೆ ಬೇಕಿಲ್ಲ. ಹೂವು ದಟ್ಟವಾಗಿದ್ದಷ್ಟೂ ಗುತ್ತಿಗೆಯ ದರ ಏರುತ್ತದೆ. ಗಾಳಿ ಮಳೆಗೆ ಹೂವು ಉದುರಿದರೆ ನಷ್ಟ ಗುತ್ತಿಗೆದಾರನದು, ತೋಟದವನದಲ್ಲ. ಚಿತ್ರದ ಟೀಸರ್, ಟ್ರೇಲರ್, ಹಾಡುಗಳೇ ಆ ಹೂವು. ಅತಿಮಾನುಷ ನಾಯಕನ ಚಿತ್ರದ ಟ್ರೇಲರ್ ಇತರ ಚಿತ್ರಗಳಿಗಿಂತ ಬೆರಗು ಹುಟ್ಟಿಸುವುದರಿಂದ ಹಕ್ಕಿನ ದರವೂ ಹೆಚ್ಚು ಏರುತ್ತದೆ. ಸಾಧಾರಣ ಗಳಿಕೆಯ ಚಿತ್ರವೊಂದನ್ನು ಸಾಧಾರಣ ದರಕ್ಕೆ ಕೊಂಡವನು ಪಾರಾಗುತ್ತಾನೆ. ಅದೇ ಚಿತ್ರವನ್ನು ಟ್ರೇಲರ್ ನೋಡಿ ದುಪ್ಪಟ್ಟಿಗೆ ಕೊಂಡವನು ಮುಳುಗುತ್ತಾನೆ. ಜನ ‘ಫ್ಲಾಪ್’ ಎಂದು ಕರೆಯುವ ಅನೇಕ ಚಿತ್ರಗಳು ನೋಡುಗರಿಲ್ಲದೆ ಸೋತವಲ್ಲ, ಹೆಚ್ಚಿನ ದರಕ್ಕೆ ಮಾರಾಟವಾಗಿ ಸೋತವು.

ಅಪಾಯವನ್ನು ಹೇಗೆ ಕಟ್ಟಿಹಾಕಬಹುದು ಎಂಬುದಕ್ಕೆ ಅಮೆರಿಕದ ಮಾರ್ವೆಲ್ ಸಂಸ್ಥೆಯ ಕಥೆ ಉದ್ದಿಮೆದಾರರು ಓದಬೇಕಾದದ್ದು. ಚಿತ್ರಕಥೆಗಳ ಪುಸ್ತಕ ಮುದ್ರಿಸುತ್ತಿದ್ದ ಈ ಸಂಸ್ಥೆ 1996ರಲ್ಲಿ ದಿವಾಳಿ ಅರ್ಜಿ ಹಾಕಿತು. ತನ್ನ ಹೆಸರಾಂತ ಪಾತ್ರಗಳ ಚಿತ್ರಹಕ್ಕನ್ನು ಅದು ಇತರರಿಗೆ ಮಾರಿತ್ತು. ಸ್ಪೈಡರ್‌ಮ್ಯಾನ್ ಸೋನಿ ಕಂಪನಿಯ ಪಾಲಾದನು. ಇತರರ ಚಿತ್ರಗಳು ಹಣದ ಹೊಳೆ ಹರಿಸಿದಾಗ ಮೂಲ ಒಡೆಯನಿಗೆ ದೊರೆತದ್ದು ಸಣ್ಣ ಪಾಲು. 2005ರಲ್ಲಿ ಮಾರ್ವೆಲ್ ತಾನೇ ಚಿತ್ರ ತಯಾರಿಸಲು ನಿರ್ಧರಿಸಿ, ಉಳಿದಿದ್ದ ಹತ್ತು ಪಾತ್ರಗಳ ಚಿತ್ರಹಕ್ಕನ್ನು ಅಡವಿಟ್ಟು ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಹೊಲ, ಮನೆ, ಯಂತ್ರ ಅಡವಿಡುವುದು ಎಲ್ಲರಿಗೂ ಗೊತ್ತು. ಇಲ್ಲಿ ಅಡವಾದದ್ದು ಕಾಗದದ ಮೇಲಿನ ವೀರರು. 2008ರ ‘ಐರನ್ ಮ್ಯಾನ್’ ಸುಮಾರು 14 ಕೋಟಿ ಡಾಲರ್ ವೆಚ್ಚಕ್ಕೆ 58 ಕೋಟಿಗೂ ಹೆಚ್ಚು ಸಂಗ್ರಹಿಸಿತು. ಮರುವರ್ಷ ಡಿಸ್ನಿ ಸಂಸ್ಥೆಯು ಮಾರ್ವೆಲನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು.

ಅದೇ ಸಂಸ್ಥೆಯ ‘ಅವೆಂಜರ್ಸ್: ಎಂಡ್‌ಗೇಮ್’ 2019ರಲ್ಲಿ ಸುಮಾರು 280 ಕೋಟಿ ಡಾಲರ್ ಸಂಗ್ರಹಿಸಿ ದಾಖಲೆ ಮಾಡಿತು. ನಾಲ್ಕೇ ವರ್ಷಗಳಲ್ಲಿ, 2023ರ ನವೆಂಬರ್‌ನಲ್ಲಿ, ಅದೇ ಮುದ್ರೆಯ ‘ದಿ ಮಾರ್ವೆಲ್ಸ್’ ಸುಮಾರು 20.6 ಕೋಟಿ ಡಾಲರ್‌ಗೆ ನಿಂತಿತು. ವೆಚ್ಚವೇ 20 ಕೋಟಿ ಡಾಲರ್ ಮೀರಿತ್ತು. ನಡುವಿನ ಅವಧಿಯಲ್ಲಿ ಚಿತ್ರಗಳೊಡನೆ ಒ.ಟಿ.ಟಿ. ಸರಣಿಗಳೂ ಬಂದು, ಹಿಂದಿನ ಹತ್ತಾರು ಕಥೆ ನೋಡದವನಿಗೆ ಹೊಸದು ಅರ್ಥವಾಗದ ಸ್ಥಿತಿ ಉಂಟಾಗಿತ್ತು. ಹೊಸ ಗಿರಾಕಿಗೆ ಬಾಗಿಲು ಕಿರಿದಾದ ಅಂಗಡಿಯಲ್ಲಿ ಸರಕು ಮಾತ್ರ ಹೆಚ್ಚುತ್ತಿತ್ತು.

ಎರಡನೆಯ ಭಾಗದ ವೆಚ್ಚ

ಗೆದ್ದ ಚಿತ್ರದ ಎರಡನೆಯ ಭಾಗ ಸುಲಭದ ಲಾಭ ಎಂಬ ನಂಬಿಕೆ ಉಂಟು. ‘ಜೋಕರ್’ (2019) ಏಳು ಕೋಟಿ ಡಾಲರ್ ಮೀರದ ವೆಚ್ಚದಲ್ಲಿ ನೂರು ಕೋಟಿಗೂ ಹೆಚ್ಚು ಸಂಗ್ರಹಿಸಿತ್ತು. ಅದೇ ನಿರ್ದೇಶಕ, ಅದೇ ನಟನ ಎರಡನೆಯ ಭಾಗ 2024ರಲ್ಲಿ ಬಂದಾಗ ವೆಚ್ಚ ಸುಮಾರು 19–20 ಕೋಟಿಗೆ ಏರಿತ್ತು, ಸಂಗ್ರಹ ಸುಮಾರು 20 ಕೋಟಿಗೆ ಇಳಿದಿತ್ತು. ಕಡಿಮೆ ಖರ್ಚೇ ಮೊದಲ ಚಿತ್ರದ ನಿಜವಾದ ಬಲವಾಗಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲವೆಂದು ತೋರುತ್ತದೆ.

‘ಕೆ.ಜಿ.ಎಫ್.’ ಇದಕ್ಕೆ ವ್ಯತಿರಿಕ್ತ. 2018ರ ಡಿಸೆಂಬರ್ 21ರಂದು ಮೊದಲ ಭಾಗ ಬಿಡುಗಡೆಯಾದ ದಿನವೇ ಶಾರುಖ್ ಖಾನ್ ಅವರ ‘ಝೀರೋ’ ಕೂಡ ಬಂದಿತ್ತು. ಹಿಂದಿ ಪ್ರದೇಶಗಳಲ್ಲಿ ಯಶ್ ಆಗ ಅಪರಿಚಿತರು. ಸುಮಾರು 80 ಕೋಟಿ ವೆಚ್ಚದ ಚಿತ್ರ ಸುಮಾರು 250 ಕೋಟಿ ಸಂಗ್ರಹಿಸಿತು, ಅನಂತರ ಟಿ.ವಿ. ಮತ್ತು ಒ.ಟಿ.ಟಿ. ಮೂಲಕ ಮನೆಮನೆಗೆ ತಲುಪಿತು. 2022ರ ಏಪ್ರಿಲ್ 14ರಂದು ಎರಡನೆಯ ಭಾಗ ಬರುವ ಹೊತ್ತಿಗೆ ವೆಚ್ಚ ಸುಮಾರು 100 ಕೋಟಿ, ಸಂಗ್ರಹ 1,200 ಕೋಟಿಗೂ ಹೆಚ್ಚು. ವೆಚ್ಚ ಕಾಲು ಭಾಗದಷ್ಟು ಏರಿದಾಗ ಮಾರುಕಟ್ಟೆ ಸುಮಾರು ಐದು ಪಟ್ಟು ಹಿಗ್ಗಿತ್ತು. ‘ಕಾಂತಾರ’ದ ಹಿಂದಿನ ಕಥೆಯಾಗಿ 2025ರ ಅಕ್ಟೋಬರ್ 2ರ ವಿಜಯದಶಮಿಯಂದು ಬಂದ ‘ಕಾಂತಾರ: ಅಧ್ಯಾಯ 1’ ಕೂಡ ದೊಡ್ಡ ಗೆಲುವು; ಸಂಗ್ರಹ 800 ಕೋಟಿ ದಾಟಿತು. ಆದರೆ ವೆಚ್ಚ ಸುಮಾರು 125 ಕೋಟಿ ಎಂಬ ವರದಿಯನ್ನು ಒಪ್ಪಿದರೆ, ಮೊದಲು ರೂಪಾಯಿಗೆ ಇಪ್ಪತ್ತೈದು ಬಂದ ಕಡೆ ಈಗ ಆರೇಳು ಬಂದಂತಾಯಿತು. ಲಾಭದ ಮೊತ್ತ ಹೆಚ್ಚಿದೆ, ತಪ್ಪಿಗೆ ಇದ್ದ ಅವಕಾಶ ಕಡಿಮೆಯಾಗಿದೆ.

ಗೆದ್ದ ಸರಕಿನ ನಕಲು ಮಾಡುವವರ ಸ್ಥಿತಿ ಇನ್ನೂ ಕಠಿಣ. 2023ರ ಮಾರ್ಚ್ 17ರಂದು ಹಲವು ಭಾಷೆಗಳಲ್ಲಿ ಬಂದ ‘ಕಬ್ಜ’ವನ್ನು ‘ಕೆ.ಜಿ.ಎಫ್.’ಗೆ ಹೋಲಿಸದ ವಿಮರ್ಶೆಯೇ ವಿರಳ. ಕಪ್ಪು ಬಣ್ಣದ ದೃಶ್ಯ, ಬಂದೂಕುಗಳ ಅಬ್ಬರ, ಹಿನ್ನೆಲೆಯ ಗಂಭೀರ ಧ್ವನಿ ಎಲ್ಲವೂ ಇದ್ದವು. ಪ್ರೇಕ್ಷಕನು ಮೂಲ ಸರಕನ್ನು ಆಗಲೇ ಕೊಂಡಿದ್ದನು.

ವೀರನಿಗೂ ಒಂದು ಊರು ಬೇಕು

ಇತ್ತೀಚೆಗೆ ಕಡಿಮೆ ವೆಚ್ಚದಲ್ಲಿ ಗೆದ್ದ ಅತಿಮಾನುಷ ಚಿತ್ರಗಳಲ್ಲಿ ಸಾಮ್ಯವೊಂದು ಕಾಣುತ್ತದೆ: ಅವುಗಳ ನಾಯಕನಿಗೆ ಊರಿದೆ, ನೆರೆಹೊರೆಯಿದೆ, ಪ್ರೇಕ್ಷಕ ಮೊದಲೇ ಬಲ್ಲ ಕಥೆಯ ಬೇರಿದೆ. 2024ರ ಜನವರಿ 12ರಂದು ಸಂಕ್ರಾಂತಿಗೆ ಬಂದ ತೆಲುಗಿನ ‘ಹನುಮಾನ್’ ಚಿತ್ರದ ಕಲ್ಪಿತ ಊರಿನ ಹೆಸರು ಅಂಜನಾದ್ರಿ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟವನ್ನು ಬಲ್ಲ ಕಲ್ಯಾಣ ಕರ್ನಾಟಕದ ಪ್ರೇಕ್ಷಕನಿಗೆ ಆ ಹೆಸರೇ ಅರ್ಧ ಪರಿಚಯ ಮಾಡಿಕೊಟ್ಟಿತು. ಅದೇ ದಿನ ಮಹೇಶ್ ಬಾಬು ಅವರ ‘ಗುಂಟೂರು ಕಾರಂ’ ಬಿಡುಗಡೆಯಾದ್ದರಿಂದ ‘ಹನುಮಾನ್’ಗೆ ಹೈದರಾಬಾದಿನಲ್ಲಿ ಮೊದಲು ದೊರೆತ ಚಿತ್ರಮಂದಿರಗಳು ಕೆಲವೇ, ನೋಡಿದವರ ಮಾತಿನಿಂದ ಸಂಖ್ಯೆ ಬೆಳೆಯಿತು. 2025ರ ಆಗಸ್ಟ್ 28ರಂದು ಬಂದ ಮಲಯಾಳದ ‘ಲೋಕಾ’ ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಜನಪದ ಕಥೆಯನ್ನು ಬೆಂಗಳೂರಿನ ಬೀದಿಗಳಿಗೆ ತಂದಿತು. ನಾಯಕಿಪ್ರಧಾನವಾದ ಆ ಚಿತ್ರ ಸುಮಾರು 30 ಕೋಟಿ ವೆಚ್ಚದಲ್ಲಿ ಸುಮಾರು 300 ಕೋಟಿ ಸಂಗ್ರಹಿಸಿತು. ಬೆಂಗಳೂರಿನ ಯುವತಿಯರ ಬಗೆಗಿನ ಒಂದು ಸಂಭಾಷಣೆಗಾಗಿ ನಿರ್ಮಾಣ ಸಂಸ್ಥೆ ಕನ್ನಡಿಗರ ಕ್ಷಮೆ ಕೇಳಬೇಕಾಯಿತು. ಊರನ್ನು ಬಳಸಿಕೊಂಡವನು ಊರಿನ ಮರ್ಯಾದೆಯನ್ನೂ ಕಾಯಬೇಕಾಗುತ್ತದೆ.

‘ಕಾಂತಾರ’ದಲ್ಲಿ ಪಂಜುರ್ಲಿ, ಗುಳಿಗ ದೈವಗಳೂ ಕುಂದಾಪುರದ ಕನ್ನಡವೂ ಇದ್ದವು. ಬೀದರ್ ಕಡೆಯವರಿಗೆ ಆ ಮಾತು ಪೂರ್ತಿ ತಿಳಿಯದು, ಭೂತಕೋಲದ ಆಚರಣೆಯೂ ಇಲ್ಲಿಲ್ಲ. ಆದರೂ ಭೂಮಿಯ ಒಡೆತನ, ಕಾಡಿನ ಗಡಿ, ಧಣಿಯ ಮೋಸ ಇವುಗಳಿಗೆ ವಿವರಣೆ ಬೇಕಾಗಲಿಲ್ಲ. ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಗಿದ್ದ ಚಿತ್ರವನ್ನು ಎರಡು ವಾರಗಳ ಬಳಿಕ ಹಿಂದಿ ಮತ್ತಿತರ ಭಾಷೆಗಳಿಗೆ ಒಯ್ಯಲಾಯಿತು. ಬೇಡಿಕೆ ಕಂಡ ಮೇಲೆ ಸರಬರಾಜು.

ಬರೀ ಪುರಾಣದ ಹೆಸರು ಸಾಕೆಂದು ಭಾವಿಸಿದವರಿಗೆ 2023ರ ಜೂನ್ 16ರ ‘ಆದಿಪುರುಷ್’ ಪಾಠವಾಯಿತು. ನೂರಾರು ಕೋಟಿಯ ಆ ಚಿತ್ರ ಮೊದಲ ಮೂರು ದಿನ ಭರ್ಜರಿಯಾಗಿ ಗಳಿಸಿ ಸೋಮವಾರ ಕುಸಿಯಿತು. ಗ್ರಾಫಿಕ್ಸ್ ಹಾಗೂ ಸಂಭಾಷಣೆಗಳ ಬಗ್ಗೆ ಜನ ಅಸಮಾಧಾನಗೊಂಡಿದ್ದರು. ಅದೇ ವಾರ ಟಿಕೆಟ್ ದರವನ್ನು 150 ರೂ.ಗೆ ಇಳಿಸಿದರೂ ಪ್ರಯೋಜನವಾಗಲಿಲ್ಲ. 2025ರ ಜುಲೈ 25ರಂದು ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಮೊದಲ ದಿನ ಎರಡು ಕೋಟಿಯಷ್ಟನ್ನೂ ಗಳಿಸಲಿಲ್ಲ. ಭಾನುವಾರದ ಹೊತ್ತಿಗೆ ಅದು ಹಲವು ಪಟ್ಟಾಗಿ, ವಾರಗಟ್ಟಲೆ ಓಡಿತು. ಮೊದಲ ದಿನದ ಹಣ ಪ್ರಚಾರದಿಂದ ಬರುತ್ತದೆ. ಎರಡನೆಯ ವಾರದ ಹಣ ಮೊದಲ ದಿನ ನೋಡಿದವನ ಬಾಯಿಂದ ಬರುತ್ತದೆ.

ಪ್ರದರ್ಶಕನ ಪಾಲು

ಚಿತ್ರಮಂದಿರದವರಿಗೆ ಹೆಚ್ಚು ದಿನ ಓಡುವ ಚಿತ್ರವೇ ಲಾಭದಾಯಕ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ಆದ ಒಪ್ಪಂದದಂತೆ ಹಂಚಿಕೆದಾರನ ಪಾಲು ಮೊದಲ ವಾರ ಶೇ. 50, ಎರಡನೆಯ ವಾರ ಶೇ. 42.5, ಮೂರನೆಯ ವಾರ ಶೇ. 37.5, ಅನಂತರ ಶೇ. 30. ವಾರ ಕಳೆದಂತೆ ಪ್ರದರ್ಶಕನ ಪಾಲು ಹೆಚ್ಚುತ್ತದೆ. ಮೂರೇ ದಿನ ಕಿಕ್ಕಿರಿದು ಖಾಲಿಯಾಗುವ ಚಿತ್ರ ದೊಡ್ಡ ಸಂಖ್ಯೆ ತೋರಿಸಿದರೂ ಅವನಿಗೆ ಉಳಿಸುವುದು ಕಡಿಮೆ. ಬಾಗಿಲಲ್ಲಿ ಚಹಾ, ಪಾಪ್‌ಕಾರ್ನ್ ಮಾರುವವನಿಗೆ ಇನ್ನೂ ಕಡಿಮೆ.

ದರದ ಪ್ರಶ್ನೆಯೂ ಉಂಟು. 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ತೆರಿಗೆ ಹೊರತುಪಡಿಸಿ ಟಿಕೆಟ್ ದರಕ್ಕೆ 200 ರೂ. ಮಿತಿ ವಿಧಿಸಿತು, ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಅದೇ ಸೆಪ್ಟೆಂಬರ್ 22ರಿಂದ 100 ರೂ.ವರೆಗಿನ ಟಿಕೆಟ್‌ನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಅದಕ್ಕಿಂತ ಹೆಚ್ಚಿನ ದರಕ್ಕೆ ಶೇ. 18 ಹಾಗೆಯೇ ಉಳಿಯಿತು. 200 ರೂ. ಮಿತಿಯ ವಿವಾದ ಮುಖ್ಯವಾಗಿ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಿಗೆ ಸಂಬಂಧಿಸಿದ್ದು. ತಾಲ್ಲೂಕು ಕೇಂದ್ರದ ಏಕಪರದೆ ಚಿತ್ರಮಂದಿರಕ್ಕೆ ಎರಡನೆಯ ಬದಲಾವಣೆಯೇ ಹೆಚ್ಚು ಪ್ರಯೋಜನಕಾರಿ. ರಾಜೇಶ್ವರದಿಂದ ನಾಲ್ವರ ಕುಟುಂಬ ಹುಮನಾಬಾದಿಗೋ ಬೀದರಿಗೋ ಚಿತ್ರಕ್ಕೆ ಹೊರಟರೆ ಟಿಕೆಟ್‌ನೊಡನೆ ಬಸ್ ದರವೂ ತಿಂಡಿಯ ಖರ್ಚೂ ಸೇರುತ್ತವೆ. ಹೀಗಾಗಿ ಅವರು ಕಾದು, ನೋಡಿದವರನ್ನು ಕೇಳಿ, ಎರಡನೆಯ ವಾರ ಹೊರಡುವುದು ಸಹಜ. ಅಷ್ಟರಲ್ಲಿ ಚಿತ್ರವು ತೆರೆಯ ಮೇಲೆ ಉಳಿದಿರಬೇಕು.

ಹಾಗೆ ಕಾಯುವವರಿಗೆ ಇನ್ನೊಂದು ದಾರಿಯೂ ತೆರೆದಿದೆ. ‘ಕಾಂತಾರ: ಅಧ್ಯಾಯ 1’ರ ಕನ್ನಡ, ತೆಲುಗು, ತಮಿಳು, ಮಲಯಾಳ ಅವತರಣಿಕೆಗಳು ಬಿಡುಗಡೆಯಾದ ನಾಲ್ಕೇ ವಾರಗಳಲ್ಲಿ, 2025ರ ಅಕ್ಟೋಬರ್ 31ರಂದು, ಒ.ಟಿ.ಟಿ.ಗೆ ಬಂದವು. ಹಿಂದಿ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್ ಸಂಸ್ಥೆಗಳು ಎಂಟು ವಾರಗಳ ಅಂತರ ಕೇಳುವುದರಿಂದ ಹಿಂದಿ ಅವತರಣಿಕೆ ನವೆಂಬರ್ 27ರವರೆಗೆ ತಡೆಯಿತು. ಹೀಗಾಗಿ ಆ ನಾಲ್ಕು ವಾರ ಕನ್ನಡ ಪ್ರತಿ ಕೈಯಲ್ಲಿನ ಮೊಬೈಲಿನಲ್ಲಿ ದೊರೆಯುತ್ತಿತ್ತು. ಹಿಂದಿಯಲ್ಲಿ ನೋಡಬಯಸಿದವನಿಗೆ ಮಾತ್ರ ಚಿತ್ರಮಂದಿರವೇ ಗತಿಯಾಗಿತ್ತು.